ಡ್ರಮ್ಮಿನ ಮುಂದಿನ ಕುಚ್ಚಲಕ್ಕಿ ಚೀಲ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ನನ್ನಿಂದ ಒಂದು ಲೇಖನ ಬೇಕಂತೆ. ಸಂಪಾದಕರು ಫೋನ್ ಮಾಡಿ, "ವಾಸಣ್ಣ, ದುಬೈಯಲ್ಲಿ ಇಷ್ಟು ವರ್ಷ ಸೌಂಡ್ ಇಂಜಿನಿಯರ್ ಆಗಿದ್ದವರು ನೀವು. ದೊಡ್ಡ ಕಲಾವಿದರ ಜೊತೆ ತೆಗೆಸಿಕೊಂಡ ಫೋಟೋ ಇದ್ದರೆ ಕಳಿಸಿ, ನಿಮ್ಮ ಸಾಧನೆ ಬರೆಯಿರಿ, ಯುವಕರಿಗೆ ಸ್ಫೂರ್ತಿಯಾಗಲಿ" ಎಂದರು. ಸ್ಫೂರ್ತಿ ಕೊಡುವ ಮೂಡಿನಲ್ಲಿ ನಾನಿಲ್ಲ. ಫೋಟೋ ನನ್ನ ಬಳಿ ಒಂದೂ ಇಲ್ಲ. ಕೆಲಸದ ಹೊತ್ತಿನಲ್ಲಿ ಫೋಟೋ ತೆಗೆಸಿಕೊಳ್ಳುವವನ ಕೈಗೆ ಕೇಬಲ್ ಕೊಡಬಾರದು ಎಂದು ನಂಬಿದವನು ನಾನು. ನನಗಿರುವುದು ಸಿಟ್ಟು. ಕೆಲಸ ಬಿಟ್ಟ ಮೇಲೆ ಅದು ಇಳಿಯುತ್ತದೆ ಎಂದು ಹೆಂಡತಿ ಪುಷ್ಪ ಆಸೆ ಇಟ್ಟುಕೊಂಡಿದ್ದಳು. ಇಳಿದಿಲ್ಲ. ಆದ್ದರಿಂದ ಸಾಧನೆಯ ಬದಲು ಸಿಟ್ಟನ್ನೇ ಬರೆದು ಕೊಡುತ್ತೇನೆ, ಅಚ್ಚು ಹಾಕುವುದು ಬಿಡುವುದು ಅವರಿಗೆ ಬಿಟ್ಟದ್ದು.

ಈ ಸಿಟ್ಟಿನ ಕಥೆ ಒಂದು ಬ್ಯಾಂಡಿನ ಕಥೆಯೂ ಹೌದು. ಬ್ರಿಟನ್ನಿನ ಪಶ್ಚಿಮದ ಅಂಚಿನಲ್ಲಿ ವೇಲ್ಸ್ ಎಂಬ ಪುಟ್ಟ ನಾಡಿದೆ. ಅಲ್ಲಿಂದ ಬರುತ್ತಿದ್ದ ಮೂವರು ರಾಕ್ ಬ್ಯಾಂಡಿನವರು ಅವರು. ಗಿಟಾರ್ ಹಿಡಿದು ಹಾಡುವವನು ಗಾರೆತ್. ಬೇಸ್ ಗಿಟಾರ್ ನುಡಿಸುವವಳು ಅವನ ತಂಗಿ ನಿಯಾ. ಡ್ರಮ್ ಬಾರಿಸುವವನು ಓವನ್. ಮೂವರೂ ಒಂದೇ ಊರಿನವರು, ಒಂದೇ ಶಾಲೆ. ದೊಡ್ಡ ಕಂಪನಿಯ ಕಾಸಿಲ್ಲದೆ ತಾವೇ ಹಾಡು ಕಟ್ಟಿ, ತಾವೇ ವ್ಯಾನ್ ಓಡಿಸಿಕೊಂಡು ಮೇಲೆ ಬಂದವರು. ಅವರ ಏರು, ಇಳಿತ, ಕೊನೆ ಮೂರನ್ನೂ ನಾನು ಈ ಮರಳುಗಾಡಿನಲ್ಲಿ ವೇದಿಕೆಯ ಪಕ್ಕ ನಿಂತು ನೋಡಿದೆ. ಬ್ಯಾಂಡಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಫೋನಿನಲ್ಲಿ ಹುಡುಕಿ ಆ ಹಾಳು ವಿಡಿಯೋ ನೋಡಿ ನಗುತ್ತೀರಿ.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ಸಂಘದವರಿಗೇ ಇದು ಗೊತ್ತಿಲ್ಲ. ಜನರಿಗೆ ಕೇಳುವ ಶಬ್ದ ನೋಡಿಕೊಳ್ಳುವವನು ಬೇರೆ. ಅವನು ಸಭೆಯ ಮಧ್ಯೆ ಕೂತಿರುತ್ತಾನೆ, ಅವನಿಗೆ ಹೆಸರು ಬರುತ್ತದೆ. ನಾನು ಮಾನಿಟರ್‌ನವನು. ವೇದಿಕೆಯ ಪಕ್ಕದಲ್ಲಿ ಪರದೆಯ ಮರೆಗೆ ನಿಂತು, ಹಾಡುವವರಿಗೆ ಬಾರಿಸುವವರಿಗೆ ಏನು ಕೇಳಬೇಕೋ ಅದನ್ನು ಕೊಡುವವನು. ಗಾಯಕನಿಗೆ ತನ್ನ ದನಿ ಎಷ್ಟು, ಗಿಟಾರ್ ಎಷ್ಟು, ಡ್ರಮ್ಮಿನವನಿಗೆ ಬೇಸ್ ಎಷ್ಟು, ಎಲ್ಲ ನನ್ನ ಬೆರಳಿನಲ್ಲಿ. ಅವರು ನನ್ನನ್ನು ನಂಬಿ ನಿಂತಿರುತ್ತಾರೆ. ಕಣ್ಣು ಕಟ್ಟಿದವನನ್ನು ಕೈಹಿಡಿದು ರಸ್ತೆ ದಾಟಿಸುವಷ್ಟೇ ಜವಾಬ್ದಾರಿ ಇದು.

ಇದನ್ನು ನಾನು ಕಾಲೇಜಿನಲ್ಲಿ ಕಲಿತವನಲ್ಲ. ಊರಿನ ಟೆಂಟಿನ ಯಕ್ಷಗಾನ ಮೇಳಕ್ಕೆ ಮೈಕ್ ಕಟ್ಟುತ್ತಿದ್ದೆ. ಭಾಗವತರ ಕಿವಿಗೆ ಚೆಂಡೆ ಸರಿಯಾಗಿ ಕೇಳದಿದ್ದರೆ ಅವರ ಮುಖ ಹೇಗಾಗುತ್ತದೆ ಎಂದು ನೋಡಿ ನೋಡಿ ಬಂದ ವಿದ್ಯೆ. ಆಟದಲ್ಲಿ ಕಾಲ, ಅಂದರೆ ಲಯದ ವೇಗ, ಏರುತ್ತದೆ. ಭಾಗವತರು ಕಣ್ಣಿನಲ್ಲಿ ಹೇಳುತ್ತಾರೆ, ಚೆಂಡೆಯವರು ಏರಿಸುತ್ತಾರೆ, ಕುಣಿಯುವವನ ಕಾಲು ಏರುತ್ತದೆ. ಗಡಿಯಾರ ಇಟ್ಟುಕೊಂಡು ಯಾರೂ ಏರಿಸುವುದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ನನ್ನನ್ನು ಇಲ್ಲಿಗೆ ಕರೆಸಿದವರು ಸತೀಶಣ್ಣ. ನಮ್ಮ ಊರಿನ ಪಕ್ಕದವರೇ, ಈವೆಂಟ್ ಕಂಪನಿಯಲ್ಲಿ ಪ್ರೊಡಕ್ಷನ್ ಮ್ಯಾನೇಜರ್. ವೀಸಾ ಕೊಡಿಸಿದವರು, ಮೊದಲ ತಿಂಗಳು ಹಳೆ ದುಬೈಯ ದೇರಾದಲ್ಲಿದ್ದ ತಮ್ಮ ಫ್ಲಾಟಿನಲ್ಲೇ ಹಾಸಿಗೆ ಹಾಸಿ ಮಲಗಿಸಿದವರು. ಗಲ್ಫಿನಲ್ಲಿ ವೀಸಾ ಕೊಡಿಸಿದವರ ಮುಂದೆ ಜೀವಮಾನವಿಡೀ ದನಿ ತಗ್ಗಿಸಿ ಮಾತಾಡಬೇಕು ಎಂಬ ಅಲಿಖಿತ ಕಾನೂನು ನಮ್ಮವರಲ್ಲಿದೆ. ನಾನೂ ತಗ್ಗಿಸಿದ್ದೆ. ಒಳ್ಳೆಯ ಮನುಷ್ಯ, ಅದರಲ್ಲಿ ಸುಳ್ಳಿಲ್ಲ. ಒಳ್ಳೆಯವರ ಮೇಲಿನ ಸಿಟ್ಟು ಹೆಚ್ಚು ಉರಿಯುತ್ತದೆ.

ವೇಲ್ಸ್‌ನವರು ಮೊದಲ ಸಲ ಬಂದಾಗ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ಆಗ ಇಲ್ಲಿ ವಾರದ ರಜೆ ಶುಕ್ರವಾರ. ಹೋಟೆಲುಗಳಲ್ಲಿ ಮಧ್ಯಾಹ್ನ ಬ್ರಂಚ್ ಎಂಬ ಉಣ್ಣುವ ಕುಡಿಯುವ ಜಾತ್ರೆ. ರಗ್ಬಿ ಪಂದ್ಯದ ವಾರ ಊರು ತುಂಬ ಕೆಂಪು ಜರ್ಸಿಯ ವೇಲ್ಸ್ ಜನ ಇದ್ದರು, ಅವರನ್ನು ಸೆಳೆಯಲು ಕ್ರೀಕ್ ಎನ್ನುವ ಹಿನ್ನೀರಿನ ಹತ್ತಿರದ ಒಂದು ಹೋಟೆಲಿನವರು ಅಗ್ಗದಲ್ಲಿ ಈ ಬ್ಯಾಂಡ್ ತರಿಸಿದ್ದರು. ವೇದಿಕೆ ಇರಲಿಲ್ಲ. ಸಿಗಡಿ ರಾಶಿ ಹಾಕಿದ್ದ ಮೇಜಿನ ಹಿಂದೆ, ಬೋಳು ಅಮೃತಶಿಲೆಯ ನೆಲದ ಮೇಲೆ ನಿಲ್ಲಿಸಿದರು.

ಓವನ್ ಮೊದಲ ಹಾಡು ಬಾರಿಸಿದ್ದೇ, ಕಾಲಿನಿಂದ ಒದೆಯುವ ಆ ದೊಡ್ಡ ಕಿಕ್ ಡ್ರಮ್ ಮುಂದಕ್ಕೆ ಜಾರಲು ಶುರು. ಅವನು ಸ್ಟೂಲಿನ ಸಮೇತ ಅದರ ಹಿಂದೆ ಜಾರಿಕೊಂಡು ಹೋಗುತ್ತಿದ್ದಾನೆ. ನನ್ನ ಕಡೆ ತಿರುಗಿ, "ಇದಕ್ಕೂ ಹಸಿವಾಗಿದೆ, ಬಫೆ ಕಡೆ ಹೊರಟಿದೆ!" ಎಂದು ಕೂಗಿದ. ಡ್ರಮ್ಮಿನ ಕೆಳಗೆ ಹಾಸಲು ಜಮಖಾನ ತರಬೇಕಾದವರು ತಂದಿರಲಿಲ್ಲ. ನಮ್ಮ ವ್ಯಾನಿನಲ್ಲಿ ನೋಡಿದೆ. ಬೆಳಿಗ್ಗೆ ದೇರಾದ ಅಂಗಡಿಯಿಂದ ಮನೆಗೆಂದು ತೆಗೆದುಕೊಂಡಿದ್ದ ಕುಚ್ಚಲಕ್ಕಿಯ ಚೀಲ ಇತ್ತು. ಅದನ್ನೇ ಹೊತ್ತು ತಂದು ಡ್ರಮ್ಮಿನ ಮುಂದೆ ಒತ್ತಿಟ್ಟೆ. ಚೀಲ ಒಳ್ಳೆ ಎಮ್ಮೆಯ ಹಾಗೆ ಕೂತಿತು. ಡ್ರಮ್ ಆಮೇಲೆ ಕದಲಲಿಲ್ಲ.

ಎರಡು ಹಾಡು ಆಗುವಷ್ಟರಲ್ಲಿ ಹೋಟೆಲಿನ ಮ್ಯಾನೇಜರ್ ಬಂದು, ಊಟ ಮಾಡುವವರಿಗೆ ಗೊತ್ತಿರುವ ಹಾಡು ಹೇಳಿಸಿ ಎಂದು ನನ್ನ ಹತ್ತಿರ ಹೇಳಿ ಹೋದ. ನಾನು ಗಾರೆತ್‌ಗೆ ಹೇಳಿದೆ. ಅವನು ತಲೆಯಾಡಿಸಿ, ಯಾರಿಗೂ ಗೊತ್ತಿಲ್ಲದ ತಮ್ಮ ಭಾಷೆಯ ಹಾಡೊಂದನ್ನು ಎತ್ತಿಕೊಂಡ. ಅವರ ಊರಿನ ಕಲ್ಲುಗಣಿಯ ಹಾಡು, ಕೆಲಸಕ್ಕೆ ಹೋಗಿ ತಿರುಗಿ ಬಾರದವರನ್ನು ಕರೆಯುವುದು. ನಿಧಾನ ಶುರುವಾಗುತ್ತದೆ, ಕರೆದಂತೆಲ್ಲ ಏರುತ್ತದೆ. ಓವನ್ ಗಾರೆತ್‌ನ ಬೆನ್ನನ್ನೇ ನೋಡುತ್ತಾ ಏರಿಸಿದ. ನಿಯಾ ಇಬ್ಬರ ಮಧ್ಯೆ ಸೇತುವೆಯಂತೆ ನಿಂತಿದ್ದಳು. ನನಗೆ ಮೈ ಜುಂ ಎಂದಿತು. ಇದು ನಮ್ಮದೇ ಕಾಲ ಏರಿಸುವ ಕ್ರಮ ಅಲ್ಲವಾ! ಕೆಂಪು ಜರ್ಸಿಯ ಒಬ್ಬ ದಢೂತಿ ಮನುಷ್ಯ ಕೈಯಲ್ಲಿ ಏಡಿ ಹಿಡಿದುಕೊಂಡೇ ಎದ್ದು ನಿಂತು ಅಳುತ್ತಾ ಹಾಡಿದ. ಮ್ಯಾನೇಜರ್ ಮತ್ತೆ ಬರಲಿಲ್ಲ.

ಸಾಮಾನು ಕಟ್ಟುವಾಗ ಓವನ್ ಚೀಲವನ್ನು ತಟ್ಟಿ, "ವಾಸ್, ಇದು ಯಾವ ಕಂಪನಿಯದು? ನಮ್ಮಲ್ಲಿ ಸಿಗುವುದಿಲ್ಲ" ಎಂದು ಕೇಳಿದ. ಡ್ರಮ್ಮಿಗೆಂದೇ ಮಾಡಿದ ಸಾಮಾನು ಎಂದುಕೊಂಡಿದ್ದ. ಅಕ್ಕಿ ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದು ನಕ್ಕ.

ಎರಡನೆಯ ಸಲ ಬಂದಾಗ ಅವರು ದೊಡ್ಡವರಾಗಿದ್ದರು. ಒಂದು ಹಾಡು ರೇಡಿಯೋದಲ್ಲಿ ಬಿದ್ದು ಎಲ್ಲೆಲ್ಲೂ ಕೇಳುತ್ತಿತ್ತು. ಅಬುಧಾಬಿಯಲ್ಲಿ ದೊಡ್ಡ ಬಯಲು, ಆಕಾಶದೆತ್ತರದ ವೇದಿಕೆ. ನಮ್ಮನ್ನೆಲ್ಲ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲಿನಲ್ಲಿ ಇಳಿಸಿದ್ದರು. ಬ್ಯಾಂಡಿನ ಜೊತೆ ಈಗ ಲಂಡನ್ನಿನ ಮ್ಯಾನೇಜರ್ ಒಬ್ಬನಿದ್ದ. ಅವರಿಗೆ ಬೇಕಾದ ಸಾಮಾನುಗಳ ಪಟ್ಟಿ ಮೊದಲೇ ಬಂದಿತ್ತು, ಅದರಲ್ಲಿ ಡ್ರಮ್ಮಿನ ಮುಂದೆ ಅಕ್ಕಿಚೀಲ ಒಂದು ಎಂದೂ ಇತ್ತು. ಅದು ಆ ಸಾಮಾನಿನ ಹೆಸರು ಎಂದುಕೊಂಡು ಓವನ್ ಬರೆಸಿದ್ದು! ನಮ್ಮ ಸ್ಟೋರಿನವರು ಬಾಸ್ಮತಿ ತಂದಿಟ್ಟಿದ್ದರು, ಜಿಪ್ ಇರುವ, ಹಿಡಿಕೆ ಇರುವ ಚಂದದ ಚೀಲ. ಓವನ್ ನಾಲ್ಕು ಒದೆ ಒದ್ದ, ಚೀಲ ಜಾರಿ ವೇದಿಕೆಯ ಅಂಚಿಗೆ ಹೋಗಿ ಕೂತಿತು.

"ವಾಸ್, ಇದು ಬೇರೆ ಮಾಡೆಲ್ಲು. ಹಳೆಯದೇ ಬೇಕು."

ನಾನು ಟ್ಯಾಕ್ಸಿ ಹಿಡಿದು ಹೋಗಿ ಊರಿನವರ ಅಂಗಡಿಯಿಂದ ಕುಚ್ಚಲಕ್ಕಿ ತಂದೆ. ಸತೀಶಣ್ಣ ತಲೆ ಚಚ್ಚಿಕೊಂಡರು. "ಎಂತ ಮಾರಾಯ ನೀನು, ಅಕ್ಕಿಗೆ ಟ್ಯಾಕ್ಸಿಯಾ? ಮರಳು ಚೀಲ ಇಟ್ರೆ ಆಗುದಿಲ್ವಾ ಅವನಿಗೆ?"

"ಅವನಿಗೆ ಇದೇ ಬೇಕಂತೆ ಅಣ್ಣ."

"ನಿಂಗೂ ಮಂಡೆ ಸರಿ ಇಲ್ಲ, ಅವನಿಗೂ ಇಲ್ಲ."

ಆಗ ನಗುತ್ತಲೇ ಹೇಳಿದ್ದರು. ಮಧ್ಯಾಹ್ನ ಶಬ್ದ ಪರೀಕ್ಷೆ ನಡೆಯುತ್ತಿದ್ದಾಗ ಮಸೀದಿಯ ಬಾಂಗ್ ಕೇಳಿತು. ಇಲ್ಲಿಯ ಕ್ರಮ ಗೊತ್ತಿರುವ ನಾವು ಎಲ್ಲ ಸ್ಪೀಕರ್ ಬಂದ್ ಮಾಡಿ ಸುಮ್ಮನೆ ಕೂತೆವು. ಓವನ್ ನನ್ನ ಪಕ್ಕ ಬಂದು, "ನೀನೂ ಸತೀಶೂ ಆಡುವ ಭಾಷೆ ಯಾವುದು?" ಎಂದು ಪಿಸುಗುಟ್ಟಿದ. ತುಳು ಎಂದೆ. ಶಾಲೆಯಲ್ಲಿ ಅದರಲ್ಲೇ ಕಲಿಸುತ್ತಾರಾ ಎಂದ. ನಮ್ಮ ಕಾಲದಲ್ಲಿ ಇಲ್ಲ, ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳು, ಈಗ ಮಗಳು ಎರಡಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ ಎಂದೆ. ಅವನು, "ನಮ್ಮ ಭಾಷೆಯ ಹಾಡು ಏಳು ಇದ್ದವು. ಇವತ್ತು ಒಂದೇ ಒಂದು. ಉಳಿದದ್ದು ಯಾರಿಗೂ ಅರ್ಥವಾಗುವುದಿಲ್ಲವಂತೆ" ಎಂದು ಲಂಡನ್ನಿನ ಮ್ಯಾನೇಜರ್ ಕಡೆ ಗದ್ದ ತೋರಿಸಿದ. ಆ ಒಂದು ಹಾಡು ಕಲ್ಲುಗಣಿಯದೇ. ಆ ಸಂಜೆ ಬಯಲಿನ ಜನರೆಲ್ಲ ಅರ್ಥ ಗೊತ್ತಿಲ್ಲದೆಯೇ ಅದನ್ನು ಹಾಡಿದರು. ಅರ್ಥವಾಗುವುದಿಲ್ಲ ಎಂದವನು ಮುಂದೆ ನಿಂತು ಫೋನಿನಲ್ಲಿ ಅದನ್ನೇ ಹಿಡಿಯುತ್ತಿದ್ದ. ಅವನ ತಲೆಗೆ ಒಂದು ಮೈಕ್ ಸ್ಟ್ಯಾಂಡ್ ಬೀಳಬಾರದಿತ್ತೇ ಎಂದು ನಾನು ನಿಜಕ್ಕೂ ಆಸೆಪಟ್ಟೆ.

ಆಮೇಲೆ ಅವರು ಬಹಳ ವರ್ಷ ಬರಲಿಲ್ಲ. ಮುಂದಿನ ಹಾಡುಗಳು ಓಡಲಿಲ್ಲವಂತೆ. ಕಂಪನಿ ಕೈಬಿಟ್ಟಿತು, ಗಾರೆತ್ ಶಾಲೆಯಲ್ಲಿ ಸಂಗೀತ ಮಾಸ್ತರ ಆದ, ಓವನ್ ಪಾರ್ಸೆಲ್ ವ್ಯಾನ್ ಓಡಿಸಿದ. ಇತ್ತ ನಮ್ಮ ಕೆಲಸವೂ ಬದಲಾಯಿತು. ಮೊದಲು ಕಲಾವಿದರ ಕಾಲ ಬುಡದಲ್ಲಿ ಸ್ಪೀಕರ್ ಇಡುತ್ತಿದ್ದೆವು, ಎಲ್ಲರಿಗೂ ಎಲ್ಲರದ್ದೂ ಸ್ವಲ್ಪ ಸ್ವಲ್ಪ ಕೇಳುತ್ತಿತ್ತು. ಈಗ ಕಿವಿಯೊಳಗೆ ಬಿರಡೆಯಂತೆ ತುರುಕುವ ಸಣ್ಣ ಇಯರ್‌ಫೋನ್. ನಾನು ಕಳಿಸಿದಷ್ಟೇ ಕೇಳುತ್ತದೆ, ಪಕ್ಕದಲ್ಲಿ ನಿಂತವನು ಕೂಗಿದರೂ ಕೇಳುವುದಿಲ್ಲ. ಒಂದೇ ವೇದಿಕೆಯ ಮೇಲೆ ಮೂವರು ಮೂರು ಬೇರೆ ಮನೆಗಳಲ್ಲಿ ಬಾಗಿಲು ಹಾಕಿಕೊಂಡ ಹಾಗೆ. ಅನುಕೂಲ ಇದೆ, ಇಲ್ಲ ಎನ್ನುವುದಿಲ್ಲ, ಎಷ್ಟೋ ಜನರ ಕಿವಿ ಉಳಿದಿದೆ. ಆದರೆ ಬಾಗಿಲು ಹಾಕಿದ ಮೇಲೆ ಹೊರಗೆ ಏನು ನಡೆಯುತ್ತಿದೆ ಎಂದು ಒಳಗಿನವನಿಗೆ ಗೊತ್ತಾಗುವುದಿಲ್ಲ.

ಮೂರನೆಯ ಸಲ, ಅಂದರೆ ಕೊನೆಯ ಸಲ, ಅವರು ಬಂದದ್ದು ದುಬೈಯಲ್ಲಿ ಸಮುದ್ರದ ಬದಿಗೆ ಕಟ್ಟಿದ ಹೊಸ ವಸತಿ ಬಡಾವಣೆಯೊಂದರ ಉದ್ಘಾಟನೆಗೆ. ಹಳೆಯ ಬ್ಯಾಂಡುಗಳನ್ನು ಮತ್ತೆ ಒಟ್ಟುಗೂಡಿಸುವ ಫ್ಯಾಶನ್ ಶುರುವಾಗಿತ್ತಲ್ಲ, ಹಾಗೆ. ಎರಡು ಸಂಜೆಯ ಕಾರ್ಯಕ್ರಮ. ಹಿಂದೆ ಬೆಟ್ಟದಂತಹ ಪರದೆ, ಮೇಲೆ ಡ್ರೋನುಗಳ ಕುಣಿತ, ಸಮುದ್ರದಲ್ಲಿ ದೋಣಿಗಳಿಂದ ಪಟಾಕಿ. ಎಲ್ಲವೂ ಕಂಪ್ಯೂಟರಿನ ಗಡಿಯಾರಕ್ಕೆ ಕಟ್ಟಿದ್ದು. ನನಗೆ ಕೆಲಸದಲ್ಲಿ ಇನ್ನು ಕೆಲವೇ ತಿಂಗಳು ಉಳಿದಿತ್ತು.

ಓವನ್‌ನ ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. ನನ್ನನ್ನು ನೋಡಿದವನೇ, "ಯಲ್ಲಾ ವಾಸ್! ಚೀಲ ಎಲ್ಲಿ?" ಎಂದು ಅಪ್ಪಿಕೊಂಡ. ನಾನು ಮೊದಲೇ ತಂದಿಟ್ಟಿದ್ದೆ. ಮನೆಯಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಾನಂತೆ, ಮಗನಿಗೆ ತಾನು ಬಾರಿಸುವುದನ್ನು ವೇದಿಕೆಯ ಮೇಲೆ ನೋಡಿಯೇ ಗೊತ್ತಿಲ್ಲವಂತೆ, ನೇರ ಪ್ರಸಾರ ಇದೆ, ಅವನು ನೋಡುತ್ತಾನಂತೆ. ಮಾತಾಡುತ್ತಾ ಮಾತಾಡುತ್ತಾ ಚೀಲವನ್ನು ಕಾಲಿನಿಂದ ಒತ್ತಿ ಕೂರಿಸಿದ.

ಶಬ್ದ ಪರೀಕ್ಷೆಯಲ್ಲಿ ಏನೋ ಸರಿ ಇರಲಿಲ್ಲ. ಗಾರೆತ್, ನಿಯಾ ಇಬ್ಬರೂ ಓವನ್‌ನ ಕಡೆ ನೋಡಲೇ ಇಲ್ಲ. ಅವನು ಏರಿಸಿದರೆ ಇವರು ಏರುವುದಿಲ್ಲ. "ಇವರು ಮರಗಟ್ಟಿದ್ದಾರೆ, ಸಂಜೆಗೆ ಸರಿಹೋಗುತ್ತಾರೆ" ಎಂದು ಓವನ್ ನನಗೆ ಕಣ್ಣು ಮಿಟುಕಿಸಿ ಹೋಟೆಲಿಗೆ ಹೋದ. ಅವನು ಹೋದ ಮೇಲೆ ಸತೀಶಣ್ಣ ನನ್ನನ್ನು ಕರೆದರು.

"ವಾಸು, ಕೇಳು. ಡ್ರಮ್ಮು ಟ್ರ್ಯಾಕಿನಿಂದ ಹೋಗುದು. ಲ್ಯಾಪ್‌ಟಾಪಲ್ಲಿ ಉಂಟು. ಹೊರಗೆ ಜನಕ್ಕೆ ಅದೇ ಕೇಳ್ಲಿಕ್ಕೆ. ಅವನ ಮೈಕೆಲ್ಲ ಹೊರಗಿನದ್ದಕ್ಕೆ ಬಂದ್."

"ಅವನು ಬಾರಿಸುದು?"

"ಬಾರಿಸ್ಲಿ. ಅವನ ಕಿವಿಗೆ ಅವನದ್ದೇ ಡ್ರಮ್ಮು ಕೊಡು. ಅವನಿಗೆ ಗೊತ್ತಾಗ್ಬಾರ್ದು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಜನರಿಗೆ ಕೇಳುವುದು ಲ್ಯಾಪ್‌ಟಾಪಿನ ಡ್ರಮ್. ಓವನ್‌ಗೆ ಕೇಳುವುದು ತನ್ನ ಡ್ರಮ್. ತಾನು ಊರಿಗೆಲ್ಲ ಬಾರಿಸುತ್ತಿದ್ದೇನೆ ಎಂದುಕೊಂಡು ಅವನು ಬೆವರು ಸುರಿಸಿ ಗಾಳಿಗೆ ಬಾರಿಸುವುದು. ಆ ಸುಳ್ಳನ್ನು ಅವನ ಕಿವಿಗೆ ತುಂಬುವವನು ನಾನು.

"ಅಣ್ಣ, ಅವನಿಗೆ ಹೇಳಿಬಿಡುವ. ಕ್ಲಿಕ್ ಹಾಕಿಕೊಂಡು ಬಾರಿಸು ಅಂತ ಹೇಳುವ." ಕ್ಲಿಕ್ ಎಂದರೆ ಬಾರಿಸುವವನ ಕಿವಿಯಲ್ಲಿ ಗಡಿಯಾರದಂತೆ ತಾಳ ಹೊಡೆಯುತ್ತಿರುವ ಸದ್ದು.

"ಆಗುದಿಲ್ಲ ಅವನಿಗೆ, ಟ್ರೈ ಮಾಡಿ ಆಯ್ತು ಅವರ ಊರಲ್ಲಿ. ಕ್ಲಿಕ್ ಕೊಟ್ರೆ ಎಮ್ಮೆ ಕಟ್ಟಿದ ಹಾಗೆ ಆಗ್ತದಂತೆ. ಪಟಾಕಿ ಅವನ ಕೈ ನೋಡಿ ಹೊಡಿತದಾ ಹೇಳು? ಮೇಲೆ ಡ್ರೋನ್ ಉಂಟು, ಕೆಳಗೆ ಜನ ಉಂಟು. ಹೆಚ್ಚುಕಮ್ಮಿ ಆದ್ರೆ ನನ್ನ ಕುತ್ತಿಗೆ."

ಪಟಾಕಿಯ ಮಾತು ಸುಳ್ಳಲ್ಲ, ಅದನ್ನು ನಾನು ಒಪ್ಪುತ್ತೇನೆ. ಗಡಿಯಾರದ ಕಾರ್ಯಕ್ರಮಕ್ಕೆ ಗಡಿಯಾರದಂತೆ ಬಾರಿಸುವವರು ಬೇಕು. ಹಾಗಾದರೆ ಅವನನ್ನು ಕರೆಯಬೇಡಿ! ಇಲ್ಲವೇ ಕರೆದು, ಮುಖ ನೋಡಿ ಹೇಳಿ, ಅವನು ಒಪ್ಪಿದರೆ ಬರಲಿ. ಹೆಸರು ಬೇಕು, ಮುಖ ಬೇಕು, ಪೋಸ್ಟರಿಗೆ ಮೂವರೂ ಬೇಕು, ಕೈ ಮಾತ್ರ ಬೇಡ.

ಬ್ಯಾಂಡಿನವರಿಗೆ ಗೊತ್ತಾ ಎಂದು ಕೇಳಿದೆ. ಅವರಿಬ್ಬರಿಗೂ ಗೊತ್ತು, ಅವರೇ ಒಪ್ಪಿದ್ದು ಎಂದರು. ನಂಬಲಿಲ್ಲ. ನಿಯಾ ಹತ್ತಿರ ಹೋದೆ. ವೇದಿಕೆಯ ಹಿಂದಿನ ಕಂಟೇನರ್ ಕೋಣೆಯಲ್ಲಿ ತಂತಿ ಬದಲಿಸುತ್ತಾ ಕೂತಿದ್ದಳು. ನನ್ನ ಮುಖ ನೋಡಿಯೇ ಗೊತ್ತಾಯಿತು ಅವಳಿಗೆ.

"ವಾಸ್, ಬೇಡ. ಹೇಳಬೇಡ. ಈ ಎರಡು ದಿನ ಮುಗಿಯಲಿ. ಇದಾದರೆ ಮುಂದೆ ಬೇರೆ ಕಡೆಯೂ ಕರೆಯುತ್ತಾರೆ. ಅವನಿಗೂ ಒಳ್ಳೆಯದೇ ಅಲ್ಲವಾ? ಅವನು ವ್ಯಾನ್ ಓಡಿಸುವುದು ನಿನಗೆ ಗೊತ್ತಾ?"

"ಟ್ರ್ಯಾಕಿನಲ್ಲಿ ಬಾರಿಸಿದವರು ಯಾರು?"

ಅವಳು ತಂತಿ ಬಿಗಿಯುವುದನ್ನು ನಿಲ್ಲಿಸಿದಳು. "ಅವನೇ. ಮೊದಲ ಆಲ್ಬಮ್ಮಿನದು. ಅದನ್ನೇ ತುಂಡು ಮಾಡಿ ಕ್ಲಿಕ್ಕಿಗೆ ಸರಿಯಾಗಿ ಜೋಡಿಸಿದ್ದಾರೆ."

ಕೇಳಿ, ಈ ಲೈನಿಗೆ ಬರುವ ಮಕ್ಕಳೇ. ಹರೆಯದಲ್ಲಿ ಅವನು ಗೆಳೆಯನ ಬೆನ್ನು ನೋಡುತ್ತಾ ಬಾರಿಸಿದ್ದನ್ನು ಕತ್ತರಿಸಿ, ಏರಿದ್ದನ್ನೆಲ್ಲ ಚಪ್ಪಟೆ ಮಾಡಿ, ಅದನ್ನೇ ಅವನ ಮೇಲೆ ಹೇರುವುದು. ಅವನ ಕೆಲಸವನ್ನು ಅವನಿಂದಲೇ ಕಿತ್ತುಕೊಳ್ಳುವುದು. ಇಂಥದ್ದನ್ನು ಯೋಚಿಸಿದ ತಲೆ ಯಾವುದೋ ನನಗೆ ಗೊತ್ತಿಲ್ಲ, ಗೊತ್ತಾದರೆ ಇವತ್ತಿಗೂ ಬಿಡುವುದಿಲ್ಲ.

ನಾನು ನಿಯಾಳಿಗೆ ಏನೂ ಮಾತು ಕೊಡಲಿಲ್ಲ. ಸತೀಶಣ್ಣನಿಗೆ ಆಯ್ತು ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ವೀಸಾ ಕೊಡಿಸಿದವರ ಮುಂದೆ ತಗ್ಗಿದ ದನಿ ಆ ಹೊತ್ತಿಗೂ ಮೇಲೇಳಲಿಲ್ಲ. ಸುಮ್ಮನೆ ಹೋಗಿ ನನ್ನ ಕನ್ಸೋಲಿನ ಹಿಂದೆ ನಿಂತೆ.

ಸೂರ್ಯ ಮುಳುಗಿ, ಮಗ್ರಿಬ್ ಬಾಂಗ್ ಮುಗಿದ ಮೇಲೆ ಕಾರ್ಯಕ್ರಮ ಶುರುವಾಯಿತು. ಮೊದಲ ಹಾಡುಗಳಿಗೆ ಹೇಳಿದ ಹಾಗೆಯೇ ಮಾಡಿದೆ. ಓವನ್ ಕಣ್ಣರಳಿಸಿ ಬಾರಿಸುತ್ತಿದ್ದಾನೆ, ನನ್ನ ಹೆಡ್‌ಫೋನಿನಲ್ಲಿ ಅವನದ್ದು ಕೇಳುತ್ತಿದೆ, ಎಷ್ಟು ಜೀವ ಇತ್ತು ಆ ಕೈಯಲ್ಲಿ! ಹೊರಗೆ ಸಾವಿರಾರು ಜನರಿಗೆ ಕೇಳುತ್ತಿರುವುದು ಮೊಳೆ ಹೊಡೆದಂತಹ ಟಕ್ ಟಕ್. ಅವನು ನಡುನಡುವೆ ಕ್ಯಾಮೆರಾ ಕಡೆ ನೋಡಿ ನಗುತ್ತಿದ್ದ. ಮಗ ನೋಡುತ್ತಿದ್ದಾನಲ್ಲ.

ಆಮೇಲೆ ಗಾರೆತ್ ಮೈಕಿನ ಮುಂದೆ ಬಂದು ಕಲ್ಲುಗಣಿಯ ಹಾಡು ಎಂದ. ಓವನ್ ನನ್ನ ಕಡೆ ತಿರುಗಿ, ಚೀಲವನ್ನು ತೋರಿಸಿ ಹೆಬ್ಬೆರಳು ಎತ್ತಿದ. ಅಲ್ಲಿಗೆ ನನ್ನಿಂದಾಗಲಿಲ್ಲ. ನಾನು ಬಾಯಿ ಬಿಡಲಿಲ್ಲ, ಜಗಳವಾಡಲಿಲ್ಲ. ಅವನ ಕಿವಿಗೆ ಹೋಗುತ್ತಿದ್ದುದನ್ನು ಇಳಿಸಿ, ಹೊರಗೆ ಜನರಿಗೆ ಏನು ಕೇಳುತ್ತಿತ್ತೋ ಅದನ್ನೇ ಏರಿಸಿದೆ. ಅಷ್ಟೇ.

ಮೊದಲು ಅವನಿಗೆ ಗೊಂದಲವಾಯಿತು. ಇಯರ್‌ಫೋನ್ ಒತ್ತಿ ನೋಡಿಕೊಂಡ. ಒಂದು ಏಟು ಬೇಕೆಂದೇ ತಪ್ಪಿಸಿದ, ಡ್ರಮ್ ತಪ್ಪಲಿಲ್ಲ. ಇನ್ನೊಂದು ತಪ್ಪಿಸಿದ. ಆಮೇಲೆ ಎರಡೂ ಕೈ ಮೇಲಕ್ಕೆತ್ತಿ ಹಾಗೆಯೇ ಹಿಡಿದ. ಡ್ರಮ್ ನಡೆಯುತ್ತಲೇ ಇತ್ತು. ಅವನು ತಲೆ ವಾಲಿಸಿ ಕೇಳಿದ, ಬಹಳ ಹೊತ್ತು ಕೇಳಿದ. ತನ್ನದೇ ಕೈ ಎಂದು ಗುರುತು ಹಿಡಿದ ಗಳಿಗೆ ನನಗೆ ಕಂಡಿತು, ಮುಖ ಒಮ್ಮೆಗೇ ಹರೆಯದವನದಾಗಿ ಆಮೇಲೆ ಮುದುಕನದಾಯಿತು. ಎದ್ದು ನಿಂತ. ಡ್ರಮ್ಮುಗಳ ಸುತ್ತ ನಡೆದು ಮುಂದೆ ಬಂದು ಗಾರೆತ್‌ನ ಎದುರು ನಿಂತ. ಗಾರೆತ್ ಹಾಡುವುದನ್ನು ನಿಲ್ಲಿಸಿದ. ನಿಯಾಳ ಕೈ ನಿಂತಿತು. ಮೂವರೂ ಸುಮ್ಮನೆ ನಿಂತಿದ್ದಾರೆ, ಡ್ರಮ್ ಹೊಡೆಯುತ್ತಿದೆ, ಪರದೆ ಮಿಂಚುತ್ತಿದೆ, ಸರಿಯಾದ ಹೊತ್ತಿಗೆ ಡ್ರೋನ್ ಎದ್ದವು, ಸರಿಯಾದ ಹೊತ್ತಿಗೆ ಪಟಾಕಿ ಹಾರಿತು. ಯಾರೂ ಬೇಕಾಗಿರಲಿಲ್ಲ.

ಜನ ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು. ಸಿಳ್ಳೆ ಹಾಕಿದರು. ಇದೂ ಕಾರ್ಯಕ್ರಮದ ಒಂದು ಚಮತ್ಕಾರ ಎಂದುಕೊಂಡರು. ಓವನ್ ಇಯರ್‌ಫೋನ್ ಕಿತ್ತು ನೆಲಕ್ಕೆ ಹಾಕಿ, ಕುಚ್ಚಲಕ್ಕಿ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ವೇದಿಕೆಯಿಂದ ಇಳಿದ. ಅದಕ್ಕೂ ಜೋರು ಚಪ್ಪಾಳೆ ಬಿತ್ತು.

ಸತೀಶಣ್ಣ ನನ್ನ ಹತ್ತಿರ ಓಡಿ ಬಂದಾಗ ಹೊಡೆದೇಬಿಡುತ್ತಾರೆ ಎಂದುಕೊಂಡೆ. ಮುಖ ಕೆಂಪಾಗಿತ್ತು. ಅಷ್ಟರಲ್ಲಿ ಅವರ ಫೋನ್ ಬಂತು. ಹೂಂ ಹೂಂ ಎನ್ನುತ್ತಾ ಅವರ ಮುಖ ಬಿಚ್ಚಿಕೊಳ್ಳುತ್ತಾ ಹೋಯಿತು.

"ವಾಸು, ಬಚಾವ್ ಆದಿ ನೀನು. ಕ್ಲೈಂಟಿಗೆ ಭಾರೀ ಖುಷಿ ಆಗಿದೆ. ಡ್ರಮ್ಮಿನವ ಎದ್ದು ಹೋದದ್ದು ಟಾಪ್ ಅಂತೆ, ವಿಡಿಯೋ ಎಲ್ಲ ಕಡೆ ಹೋಗ್ತಾ ಉಂಟಂತೆ. ನಾಳೆಯೂ ಅದೇ ಬೇಕಂತೆ. ಅಕ್ಕಿಚೀಲ ಸಮೇತ."

ಆಗ ನನ್ನ ದನಿ ಎದ್ದಿತು. ದುಬೈಗೆ ಬಂದ ದಿನದಿಂದ ತಗ್ಗಿಸಿಟ್ಟದ್ದೆಲ್ಲ ಒಟ್ಟಿಗೆ ಎದ್ದಿತು. ಏನೇನು ಬೈದೆ ಎಂದು ಸ್ಮರಣ ಸಂಚಿಕೆಯಲ್ಲಿ ಬರೆಯುವಂತಿಲ್ಲ, ಬೈದದ್ದು ತುಳುವಿನಲ್ಲಿ, ಹಾಗಾಗಿ ಪೂರ್ತಿ ತೃಪ್ತಿಯಾಗಿ ಬೈದೆ. ಸತೀಶಣ್ಣ ಬಾಯಿ ಬಿಟ್ಟುಕೊಂಡು ನೋಡಿದರು. "ಮುಗೀತಾ? ಖಲಾಸ್. ನಾಳೆಯಿಂದ ಬರ್ಬೇಡ" ಎಂದರು, ಬಹಳ ಮೆಲ್ಲಗೆ. ನನ್ನ ರಿಟೈರ್ಮೆಂಟ್ ಆದದ್ದು ಹೀಗೆ. ಹಾರ, ಶಾಲು, ಕೇಕ್ ಯಾವುದೂ ಇಲ್ಲ, ಸಂಪಾದಕರು ಕ್ಷಮಿಸಬೇಕು.

ಮಾರನೆಯ ದಿನ ಮಧ್ಯಾಹ್ನ ಓವನ್ ದೇರಾದ ನಮ್ಮ ಫ್ಲಾಟಿಗೆ ಬಂದ. ಹೆಗಲ ಮೇಲೆ ಚೀಲ. ಎರಡು ಸಂಸಾರ ಹಂಚಿಕೊಂಡ ಮನೆ ನಮ್ಮದು, ನಡುವೆ ಒಂದು ಹಲಗೆಯ ಗೋಡೆ. ಅವನು ಸೋಫಾದಲ್ಲಿ ಕೂತು ಚೀಲವನ್ನು ಕಾಲ ಬುಡಕ್ಕೆ ಇಳಿಸಿಕೊಂಡ. ನನಗೆ ಥ್ಯಾಂಕ್ಸ್ ಹೇಳಲು ಬಂದಿದ್ದಾನೆ ಎಂದುಕೊಂಡಿದ್ದೆ. ಹಾಗಿರಲಿಲ್ಲ.

"ನನ್ನ ಮಗ ನೋಡುತ್ತಿದ್ದ" ಎಂದ. "ನೀನು ಮೊದಲೇ ಹೇಳಬಹುದಿತ್ತು."

"ಹೇಳಿದ್ದರೆ ನೀನು ನಂಬುತ್ತಿದ್ದೆಯಾ? ಗಾರೆತ್‌ ಹೀಗೆ ಮಾಡಿದ ಎಂದರೆ?"

"ನಂಬುತ್ತಿದ್ದೆ" ಎಂದ. "ನಂಬಿ, ಗೊತ್ತಿಲ್ಲದವನ ಹಾಗೆ ಬಾರಿಸುತ್ತಿದ್ದೆ. ನನ್ನ ಹತ್ತಿರ ಬೇರೆ ಏನಿತ್ತು ವಾಸ್?"

ಮಗ ಏನಂದ ಎಂದು ಕೇಳುವ ಧೈರ್ಯ ಬರಲಿಲ್ಲ. ಅವನೇ ಹೇಳಿದ. ಮಗ ಫೋನ್ ಮಾಡಿದ್ದನಂತೆ. ನೀನು ಎದ್ದ ಮೇಲೂ ಹೊಡೆಯುತ್ತಿತ್ತಲ್ಲ, ಅದು ಯಾರು ಅಪ್ಪ ಎಂದು ಕೇಳಿದನಂತೆ.

ಸಂಜೆಯಾಯಿತು. ಹೊತ್ತು ಕಳೆಯಲಿ ಎಂದು ಪುಷ್ಪ ಏನಾದರೂ ಉಣ್ಣಿ ಎಂದಳು, ಮನೆಯಲ್ಲಿ ಅಕ್ಕಿ ಮುಗಿದಿದೆ ಎಂದೂ ಅಂದಳು. ನಾನು ಚೀಲದ ಕಡೆ ನೋಡಿದೆ. ಓವನ್ ನನ್ನ ಕಡೆ ನೋಡಿದ. ಕತ್ತರಿ ತಂದು ಬಾಯಿ ಬಿಚ್ಚಿದೆ. ಅವನು ಬಗ್ಗಿ ಒಳಗೆ ಕೈ ಹಾಕಿ ಕೆಂಪು ಕಾಳುಗಳನ್ನು ಹಿಡಿದು ಕೂತ. ನಿಜವಾಗಿಯೂ ಅಕ್ಕಿಯೇ ಎಂದು ಅವನಿಗೆ ಆವತ್ತೇ ಗೊತ್ತಾದದ್ದು.

ಗಂಜಿ ಬೇಯುತ್ತಿರುವಾಗ ಫೋನಿಗೆ ವಿಡಿಯೋ ಬಂತು. ನಮ್ಮ ಕ್ರೂವಿನ ಹುಡುಗನೊಬ್ಬ ಕಳಿಸಿದ್ದು, ಆಗ ತಾನೇ ನಡೆದದ್ದು. ಡ್ರಮ್ಮಿನ ಹಿಂದೆ ಯಾವುದೋ ಹೋಟೆಲ್ ಬ್ಯಾಂಡಿನಿಂದ ಬಾಡಿಗೆಗೆ ತಂದವನು. ಕಲ್ಲುಗಣಿಯ ಹಾಡಿನ ನಡುವೆ ಕೈ ಮೇಲೆತ್ತಿದ, ಎದ್ದ, ಸುತ್ತು ಹಾಕಿ ಮುಂದೆ ಬಂದ. ಗಾರೆತ್, ನಿಯಾ ಸರಿಯಾದ ಹೊತ್ತಿಗೆ ನಿಂತರು. ಅವನು ಒಂದು ಬಾಸ್ಮತಿ ಚೀಲ ಹೆಗಲಿಗೆ ಹಾಕಿಕೊಂಡು ಇಳಿದ. ಚಪ್ಪಾಳೆ, ಪಟಾಕಿ. ಓವನ್ ಪೂರ್ತಿ ನೋಡಿ ಫೋನನ್ನು ನನ್ನ ಕೈಗೆ ಕೊಟ್ಟ. ಆ ಬ್ಯಾಂಡು ಆಮೇಲೆ ಎಲ್ಲೂ ಬಾರಿಸಲಿಲ್ಲ. ಬಾರಿಸುವುದಕ್ಕೆ ಏನೂ ಉಳಿದಿರಲಿಲ್ಲ.

ಪುಷ್ಪ ಗಂಜಿ, ಚಟ್ನಿ, ಉಪ್ಪಿನಕಾಯಿ ತಂದಿಟ್ಟಳು. ಓವನ್ ಬಿಸಿಯನ್ನು ಊದಿ ಊದಿ ಒಂದು ಬಟ್ಟಲು ಕುಡಿದ. ಎರಡನೆಯ ಬಟ್ಟಲಿನ ಅಂಚಿಗೆ ಚಮಚದಿಂದ ತಟ್ಟತೊಡಗಿದ, ಮೆಲ್ಲಗೆ, ಗಣಿಯ ಹಾಡಿನದೇ ಪೆಟ್ಟು. ಏರುತ್ತಾ ಹೋಯಿತು. ಇನ್ನೊಂದು ಕೈ ಮೇಜಿನ ಮೇಲೆ ಬಂತು, ಕಾಲು ನೆಲಕ್ಕೆ ಬಂತು, ಇಡೀ ಫ್ಲಾಟು ಅದುರಿತು. ಹಲಗೆಯ ಗೋಡೆಯ ಆಚೆಯಿಂದ ಪಕ್ಕದ ಮನೆಯವರು ಮುಷ್ಟಿಯಿಂದ ಗುದ್ದಿ, "ಅರೆ ಭಾಯ್, ಎಂತ ಗಲಾಟೆ ಅದು!" ಎಂದು ಕೂಗಿದರು.

ಓವನ್ ನಿಲ್ಲಿಸಿ ನನ್ನ ಕಡೆ ನೋಡಿದ. ಏನಂದರು ಎಂದು ಕೇಳಿದ.

"ನೀನು ಬಾರಿಸುವುದು ಅವರಿಗೆ ಕೇಳುತ್ತಿದೆಯಂತೆ" ಎಂದೆ.

ಅವನು ಬಟ್ಟಲನ್ನು ಕೆಳಗಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.